ಸರ್ಕಾರದ ಹಣ, ಸೊಸೈಟಿಯ ತೀರ್ಮಾನ

ಮಾನ್ಯರೇ,

1868ರ ಆಗಸ್ಟ್ 18ರ ಸಂಪೂರ್ಣ ಸೂರ್ಯಗ್ರಹಣವನ್ನು ಜಮಖಂಡಿಯಿಂದ ವೀಕ್ಷಿಸಿದ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅವರ ಕುರಿತು ನಮ್ಮ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಅವರಿಗೆ ಉಪಕರಣಗಳನ್ನು ಒದಗಿಸಿದ್ದು ಲಂಡನ್ನಿನ ರಾಯಲ್ ಸೊಸೈಟಿ ಎಂದಷ್ಟೇ ಹೇಳಿ ಲೇಖಕರು ಮುಂದೆ ಸಾಗಿಬಿಟ್ಟರೆಂಬುದು ತಮ್ಮ ಆಕ್ಷೇಪ. ಆ ಸೊಸೈಟಿ ಸರ್ಕಾರದ ಇಲಾಖೆಯೋ ಅಥವಾ ಸಿರಿವಂತರ ಕ್ಲಬ್ಬೋ, ಅದಕ್ಕೆ ಹಣ ಎಲ್ಲಿಂದ ಬರುತ್ತಿತ್ತು, ಯಾರ ಸಂಶೋಧನೆಗೆ ನೆರವು ಸಲ್ಲಬೇಕೆಂದು ತೀರ್ಮಾನಿಸುತ್ತಿದ್ದವರು ಯಾರು ಎಂದು ಕೇಳಿದ್ದೀರಿ. ಆಕ್ಷೇಪ ನ್ಯಾಯವಾದದ್ದು.

ಅದು ಇಲಾಖೆಯಾಗಿರಲಿಲ್ಲ. 1660ರಲ್ಲಿ ಹುಟ್ಟಿ, ಅನಂತರ ರಾಜಸನ್ನದು ಪಡೆದ ಸಂಸ್ಥೆಯಾದರೂ ಅದರ ದೈನಂದಿನ ಖರ್ಚು ನಡೆಯುತ್ತಿದ್ದುದು ಮುಖ್ಯವಾಗಿ ಸದಸ್ಯರ ಚಂದಾ, ದತ್ತಿಗಳಿಂದ. ಆದರೆ ಕ್ಲಬ್ಬು ಎಂಬ ತಮ್ಮ ಮಾತಿನಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಮೊದಲ ವರ್ಷಗಳವರೆಗಿನ ಮಟ್ಟಿಗಾದರೂ, ಹುರುಳಿದೆ. ವಿಜ್ಞಾನದ ಗಂಧವಿಲ್ಲದ ಪ್ರಭುಗಳೂ ಜಮೀನ್ದಾರರೂ ಪರಿಚಯದ ಬಲದಿಂದ ಸದಸ್ಯರಾಗುತ್ತಿದ್ದರು. 1830ರ ಅಧ್ಯಕ್ಷ ಚುನಾವಣೆಯಲ್ಲಿ ಖಗೋಳಜ್ಞ ಸರ್ ಜಾನ್ ಹರ್ಷೆಲ್ (ಜಮಖಂಡಿಗೆ ಬಂದ ಲೆಫ್ಟಿನೆಂಟರ ತಂದೆ) ದೊರೆಯ ತಮ್ಮನಾದ ಸಸೆಕ್ಸಿನ ಡ್ಯೂಕನೆದುರು 111ಕ್ಕೆ 119 ಮತಗಳಿಂದ ಸೋತದ್ದನ್ನು ನೋಡಿದರೆ ಸಂಸ್ಥೆ ಯಾರ ಕೈಯಲ್ಲಿತ್ತು ಎಂಬುದು ತಿಳಿಯುತ್ತದೆ. ಈ ಸ್ಥಿತಿ ಬದಲಾದದ್ದು 1847ರಲ್ಲಿ. ವಕೀಲರೂ ಭೌತವಿಜ್ಞಾನಿಯೂ ಆಗಿದ್ದ ವಿಲಿಯಂ ರಾಬರ್ಟ್ ಗ್ರೋವ್ ಮೊದಲಾದವರ ಒತ್ತಾಯದಿಂದ ನಿಯಮಾವಳಿಯನ್ನು ತಿದ್ದಿ, ವರ್ಷಕ್ಕೆ 15 ಮಂದಿಯನ್ನು ಮಾತ್ರ, ಅವರ ವೈಜ್ಞಾನಿಕ ಕೆಲಸವನ್ನು ಪರಿಶೀಲಿಸಿ, ಆಡಳಿತ ಮಂಡಳಿಯೇ ಆಯ್ದು ಶಿಫಾರಸು ಮಾಡಬೇಕೆಂದು ಗೊತ್ತುಮಾಡಲಾಯಿತು. ಹಳೆಯ ಸದಸ್ಯರನ್ನು ಯಾರೂ ಹೊರಗೆ ಹಾಕಲಿಲ್ಲ. ಅವರು ಕಾಲಕ್ರಮದಲ್ಲಿ ತೀರಿಹೋದಂತೆಲ್ಲ ಸಂಸ್ಥೆ ತಾನಾಗಿಯೇ ವಿಜ್ಞಾನಿಗಳದಾಯಿತು.

ಈ ತಿದ್ದುಪಡಿಯಾದ ಎರಡೇ ವರ್ಷದಲ್ಲಿ, 1849ರಲ್ಲಿ, ಪ್ರಧಾನಿ ಲಾರ್ಡ್ ಜಾನ್ ರಸೆಲ್ ಸಂಶೋಧನೆಗಾಗಿ ವರ್ಷಕ್ಕೆ 1,000 ಪೌಂಡ್ ನೀಡುವ ಪ್ರಸ್ತಾಪ ಮುಂದಿಟ್ಟರು. ತಮ್ಮ ಪ್ರಶ್ನೆಗೆ ನಿಜವಾದ ಉತ್ತರವಿರುವುದು ಇಲ್ಲಿ. ಹಣ ಖಜಾನೆಯದು, ಆದರೆ ಅದನ್ನು ಯಾರಿಗೆ, ಯಾವ ಕೆಲಸಕ್ಕೆ ಕೊಡಬೇಕೆಂಬ ತೀರ್ಮಾನ ಸೊಸೈಟಿಯ ಸಮಿತಿಯದು. ಆ ಸಮಿತಿಯಲ್ಲಿ ಕುಳಿತವರು ಸಂಭಾವನೆಯಿಲ್ಲದೆ ಅರ್ಜಿಗಳನ್ನು ಓದುತ್ತಿದ್ದ ವಿಜ್ಞಾನಿಗಳೇ. ಮೊತ್ತ ಸಣ್ಣದು. ಉಪಕರಣ, ಸಾಮಗ್ರಿ, ಸಹಾಯಕರ ಕೂಲಿ ಇಂಥ ವೆಚ್ಚಗಳಿಗೆ ಅದು ಮೀಸಲೇ ಹೊರತು ಸಂಶೋಧಕನ ಹೊಟ್ಟೆಪಾಡಿಗಲ್ಲ. ಮಂತ್ರಿಯೂ ಗುಮಾಸ್ತನೂ ಕೈಹಾಕದ ಈ ಏರ್ಪಾಡು, ನನ್ನ ದೃಷ್ಟಿಯಲ್ಲಿ, ಆ ಸಾವಿರ ಪೌಂಡಿಗಿಂತ ಹೆಚ್ಚಿನ ಕೊಡುಗೆ.

ಅದು ಹೇಗೆ ಕೆಲಸ ಮಾಡುತ್ತಿತ್ತೆಂಬುದಕ್ಕೆ ಅದೇ ಗ್ರಹಣದ ಸುತ್ತಲಿನ ಒಂದು ಸಂಗತಿಯನ್ನು ನೋಡಬಹುದು. ಯುದ್ಧ ಇಲಾಖೆಯಲ್ಲಿ ಗುಮಾಸ್ತರಾಗಿದ್ದ ನಾರ್ಮನ್ ಲಾಕ್ಯರ್, ಸೂರ್ಯನ ಅಂಚಿನಿಂದ ಏಳುವ ಜ್ವಾಲೆಗಳನ್ನು ಕಾಣಲು ಗ್ರಹಣಕ್ಕಾಗಿ ಕಾಯಬೇಕಿಲ್ಲ, ಬೆಳಕನ್ನು ಬಣ್ಣಗಳ ಪಟ್ಟಿಯಾಗಿ (ರೋಹಿತವಾಗಿ) ಬಿಡಿಸಿ ತೋರಿಸುವ, ಸಾಕಷ್ಟು ಶಕ್ತಿಯುತವಾದ ರೋಹಿತದರ್ಶಕವಿದ್ದರೆ ಹಾಡಹಗಲಲ್ಲೇ ಕಾಣಬಹುದು ಎಂದು 1866ರಲ್ಲಿ ಸೂಚಿಸಿದ್ದರು. ಅಂಥ ಉಪಕರಣಕ್ಕೆ ಈ ಅನುದಾನದಿಂದ ಹಣ ಮಂಜೂರಾಯಿತು. ಲಾಕ್ಯರ್ ಆಗ ಸೊಸೈಟಿಯ ಸದಸ್ಯರೇ ಆಗಿರಲಿಲ್ಲ ಎಂಬುದನ್ನು ತಾವು ಗಮನಿಸಬೇಕು. ಅವರು ಆಯ್ಕೆಯಾದದ್ದು 1869ರಲ್ಲಿ. ತಯಾರಕರ ವಿಳಂಬದಿಂದ ಉಪಕರಣ ಕೈಸೇರುವಾಗ 1868ರ ಅಕ್ಟೋಬರ್ ಬಂದಿತ್ತು. ಅಷ್ಟರಲ್ಲಿ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಹರ್ಷೆಲ್ ಮೋಡಗಳ ಸಂದಿನಲ್ಲಿ ಆ ಜ್ವಾಲೆಗಳ ರೋಹಿತದಲ್ಲಿನ ಹೊಳೆಯುವ ಗೆರೆಗಳನ್ನು ಕಂಡಾಗಿತ್ತು; ಗುಂಟೂರಿನಲ್ಲಿದ್ದ ಫ್ರೆಂಚ್ ಖಗೋಳಜ್ಞ ಜಾನ್ಸೆನ್ ಗ್ರಹಣದ ಮರುದಿನವೇ, ಗ್ರಹಣವಿಲ್ಲದೆಯೂ, ಅವನ್ನು ನೋಡಿದ್ದರು. ಲಾಕ್ಯರ್ ಅಕ್ಟೋಬರ್ 20ರಂದು ಇಂಗ್ಲೆಂಡಿನಲ್ಲಿ ಸ್ವತಂತ್ರವಾಗಿ ಅದನ್ನೇ ಸಾಧಿಸಿದರು. ಇಬ್ಬರ ವರದಿಗಳೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಒಂದೇ ದಿನ ಬಂದವು.

1876ರಲ್ಲಿ ಸರ್ಕಾರ ಇನ್ನೂ 4,000 ಪೌಂಡ್ ಸೇರಿಸಿ, ಸಂಶೋಧಕರ ವೈಯಕ್ತಿಕ ಭತ್ಯೆಗೂ ಅವಕಾಶ ಮಾಡಿತು. ವಿಜ್ಞಾನಿಗಳಲ್ಲೇ ಕೆಲವರಿಗೆ ಇದು ಹಿಡಿಸಲಿಲ್ಲ. 1882ರಲ್ಲಿ ಎರಡೂ ಬಾಬ್ತುಗಳನ್ನು ಒಂದುಗೂಡಿಸಿ ವರ್ಷಕ್ಕೆ 4,000 ಪೌಂಡಿಗೆ ನಿಲ್ಲಿಸಲಾಯಿತು.

ಇನ್ನು ಆಡಳಿತದ ಇನ್ನೊಂದು ಮುಖ, ಪ್ರಬಂಧಗಳ ಪರಿಶೀಲನೆ. ಹಣಕ್ಕಿಂತಲೂ ಗಟ್ಟಿಯಾದ ಹಿಡಿತ ಅದರದಾಗಿತ್ತೆಂದೇ ನನ್ನ ಅಭಿಪ್ರಾಯ. 1830ರ ದಶಕದಿಂದ, ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಗಬೇಕಾದ ಪ್ರಬಂಧವನ್ನು ತಜ್ಞರಿಗೆ ಕಳಿಸಿ ಲಿಖಿತ ವರದಿ ತರಿಸಿಕೊಳ್ಳುವ ಪದ್ಧತಿ ಬೆಳೆಯಿತು. 1854ರಿಂದ 1885ರವರೆಗೆ ಕಾರ್ಯದರ್ಶಿಯಾಗಿದ್ದ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಈ ಕೆಲಸಕ್ಕೆ ತಮ್ಮ ಆಯುಷ್ಯದ ಬಹುಪಾಲನ್ನು ತೆತ್ತರು; ಲೇಖಕರಿಗೆ ಪತ್ರದ ಮೇಲೆ ಪತ್ರ ಬರೆದು ತಪ್ಪುಗಳನ್ನು ತಿದ್ದಿಸುತ್ತಿದ್ದರು. ಎಷ್ಟೋ ಪ್ರಬಂಧಗಳು ಇದರಿಂದ ಸುಧಾರಿಸಿದವು. ಆದರೆ ಪರಿಶೀಲಕರ ಕತ್ತರಿ ಎಲ್ಲೆಲ್ಲೋ ಆಡುತ್ತಿತ್ತು. ಎಷ್ಟು ಯಾಂತ್ರಿಕ ಕೆಲಸ ಎಷ್ಟು ಉಷ್ಣಕ್ಕೆ ಸಮವೆಂಬುದನ್ನು ಅಳೆದ ಜೇಮ್ಸ್ ಜೂಲ್, ಘರ್ಷಣೆಯೆಂದರೆ ಕೆಲಸವು ಉಷ್ಣವಾಗಿ ಮಾರ್ಪಡುವುದೇ ಎಂಬ ತಮ್ಮ ಮೂರನೆಯ ನಿರ್ಣಯವನ್ನು 1850ರ ಪ್ರಬಂಧದಿಂದ ಕೈಬಿಡಬೇಕಾಯಿತು. ಪರಿಶೀಲಿಸಿದವರ ಇಚ್ಛೆಯಂತೆ ಅದನ್ನು ತೆಗೆಯಲಾಯಿತೆಂದು ಅವರೇ ಮುಂದೆ ದಾಖಲಿಸಿದ್ದಾರೆ. ಅಳತೆಗೆ ಪ್ರವೇಶವಿತ್ತು, ಅದರ ಅರ್ಥಕ್ಕೆ ಇರಲಿಲ್ಲ.

ಇದಕ್ಕಿಂತ ಕ್ರೂರವಾದದ್ದು ಜಾನ್ ಜೇಮ್ಸ್ ವಾಟರ್‌ಸ್ಟನ್ನರ ಕಥೆ. ಮುಂಬಯಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕಾ ಕೆಡೆಟ್‌ಗಳಿಗೆ ಪಾಠ ಹೇಳುತ್ತಿದ್ದ ಅವರು, ಅನಿಲವೆಂಬುದು ಎಡೆಬಿಡದೆ ಓಡಾಡಿ ಡಿಕ್ಕಿ ಹೊಡೆಯುವ ಕಣಗಳ ಸಮೂಹವೆಂದೂ ಅವುಗಳ ವೇಗದಿಂದ ಉಷ್ಣತೆಯನ್ನು ವಿವರಿಸಬಹುದೆಂದೂ ತೋರಿಸುವ ಪ್ರಬಂಧವನ್ನು 1845ರಲ್ಲಿ ಕಳಿಸಿದರು. ಪರಿಶೀಲಕರೊಬ್ಬರು ಅದನ್ನು ಬರೀ ಅಸಂಬದ್ಧ, ಸಭೆಯಲ್ಲಿ ಓದಲಿಕ್ಕೂ ಲಾಯಕ್ಕಲ್ಲದ್ದು ಎಂದು ಬರೆದರು. ಚಿಕ್ಕ ಸಾರಾಂಶವೊಂದು ಅಚ್ಚಾಯಿತು, ಮೂಲ ಪ್ರತಿ ಮಾತ್ರ ಸೊಸೈಟಿಯ ದಾಖಲೆಗಳಲ್ಲೇ ಉಳಿಯಿತು. ವಾಟರ್‌ಸ್ಟನ್ ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ. 1891ರಲ್ಲಿ ಆಗಿನ ಕಾರ್ಯದರ್ಶಿ ಲಾರ್ಡ್ ರೇಲಿ ಅದನ್ನು ಹುಡುಕಿ ತೆಗೆದು ಮರುವರ್ಷ ಪ್ರಕಟಿಸುವ ಹೊತ್ತಿಗೆ ಲೇಖಕರು ಇರಲಿಲ್ಲ. ಅದೇ ವಿಚಾರಗಳು ಭೌತವಿಜ್ಞಾನಿಗಳಾದ ಕ್ಲಾಸಿಯಸ್, ಮ್ಯಾಕ್ಸ್‌ವೆಲ್ಲರ ಹೆಸರಿನಲ್ಲಿ ಪಾಠವಾಗಿಹೋಗಿದ್ದವು. ರೇಲಿ ತಮ್ಮ ಮುನ್ನುಡಿಯಲ್ಲಿ ಯುವ ಲೇಖಕರಿಗೆ ಒಂದು ಬುದ್ಧಿಮಾತನ್ನೂ ಸೇರಿಸಿದರು: ಮೊದಲು ಅಷ್ಟೇನೂ ಅಪಾಯವಿಲ್ಲದ, ಸುಲಭವಾಗಿ ಬೆಲೆಕಟ್ಟಬಹುದಾದ ಕೆಲಸದಿಂದ ಹೆಸರು ಗಳಿಸಿ, ಆಮೇಲೆ ಎತ್ತರಕ್ಕೆ ಹಾರುವುದು ಲೇಸು. ದಾಖಲೆಗಳನ್ನು ಕೆದಕಿ ತಪ್ಪನ್ನು ಬಯಲಿಗಿಟ್ಟವರ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ಆದರೆ ಈ ಬುದ್ಧಿಮಾತನ್ನು ಮುಂಬಯಿಯ ಆ ಮೇಷ್ಟರಿಗಲ್ಲ, ವರದಿ ಬರೆದ ಪರಿಶೀಲಕರಿಗೆ ಹೇಳಬೇಕಿತ್ತು.

— ಸಂ.