ಗಡಿಯಾಚೆ ಹೋಗಿ ಪೆಟ್ರೋಲ್ ಹಾಕಿಸಿಕೊಂಡು ಬರುವುದು ತಪ್ಪೇ?

ಪಕ್ಕದ ದೇಶದಲ್ಲಿ ಇಂಧನ ತೆರಿಗೆ ಕಡಿಮೆ ಅಂತ ಅಲ್ಲಿ ಟ್ಯಾಂಕ್ ತುಂಬಿಸಿಕೊಂಡು ಬಂದರೆ ಸ್ವಂತ ದೇಶಕ್ಕೆ ಮೋಸ ಮಾಡಿದಂತಲ್ಲವೇ ಎಂದು ಕೇಳಿದ್ದೀರಿ. ಕಾರಿನವರನ್ನು ನಾನು ದೂರುವುದಿಲ್ಲ. ನನ್ನ ತಕರಾರು ದರ ಇಡುವ ಸರ್ಕಾರದ ಜೊತೆ, ಅದರಲ್ಲೂ ಸಣ್ಣ ದೇಶದ ಸರ್ಕಾರದ ಜೊತೆ.

ಬೆಲ್ಜಿಯಂನ ಮಾರ್ತಲಾಂಜ್ ಎಂಬ ಊರು ನೋಡಿ. ಹೆದ್ದಾರಿ ಬೆಲ್ಜಿಯಂನದು, ಅದರ ಒಂದು ಅಂಚೇ ಗಡಿ. ಅಂಚಿನಾಚೆ ಲಕ್ಸೆಂಬರ್ಗ್, ಅಲ್ಲಿ ಸಾಲು ಸಾಲು ಪೆಟ್ರೋಲ್ ಬಂಕ್. ಆರೇಳು ಲಕ್ಷ ಜನರಿರುವ ದೇಶ ತೆರಿಗೆ ಇಳಿಸಿದರೆ ತನ್ನವರಿಂದ ಬರುವುದು ಒಂದಿಷ್ಟು ಖೋತಾ ಆಗುತ್ತದೆ, ಹೊರಗಿನವರ ಟ್ಯಾಂಕುಗಳು ಅದನ್ನು ತುಂಬಿಕೊಡುತ್ತವೆ. ಅದೇ ಆಟ ಫ್ರಾನ್ಸ್ ಆಡಲಾರದು. ಗಡಿಯ ನಾಲ್ಕು ಗಿರಾಕಿಗಳಿಗಾಗಿ ಇಡೀ ದೇಶದ ತೆರಿಗೆ ಬಿಟ್ಟುಕೊಡಬೇಕಾಗುತ್ತದೆ.

ಲಾರಿಗಳದ್ದು ಇನ್ನೂ ದೊಡ್ಡ ಕಥೆ. ಯುರೋಪಿಯನ್ ಒಕ್ಕೂಟದೊಳಗೆ, ವಾಹನದ ಸ್ವಂತ ಟ್ಯಾಂಕಿನಲ್ಲಿರುವ ಇಂಧನಕ್ಕೆ ಗಡಿ ದಾಟಿದ ಮೇಲೆ ಮತ್ತೆ ತೆರಿಗೆ ಬೀಳುವುದಿಲ್ಲ. ಸಾವಿರ ಲೀಟರ್ ಹಿಡಿಸುವ ಲಾರಿ ಅಗ್ಗದ ಕಡೆ ತುಂಬಿಸಿಕೊಂಡರೆ ನಡುವಿನ ದೇಶದಲ್ಲಿ ನಿಲ್ಲುವುದೇ ಬೇಡ. ರಸ್ತೆ ಸವೆಯುವುದು ಒಬ್ಬರದು, ತೆರಿಗೆ ಮತ್ತೊಬ್ಬರಿಗೆ. ಅನ್ಯಾಯ ಅಂತ ನನಗೆ ಅನ್ನಿಸುವುದು ಇಲ್ಲೇ. 2003ರ ಒಕ್ಕೂಟದ ನಿಯಮ ಪೆಟ್ರೋಲಿಗೆ ಸಾವಿರ ಲೀಟರಿಗೆ ಕನಿಷ್ಠ 359 ಯೂರೋ, ಡೀಸೆಲ್‌ಗೆ (2010ರಿಂದ) 330 ಯೂರೋ ತೆರಿಗೆ ಎಂದು ಗೆರೆ ಎಳೆದಿದೆ. ಆದರೆ ಅದು ಕೆಳಗಿನ ಗೆರೆ ಮಾತ್ರ. ಮೇಲೆ ಎಷ್ಟಾದರೂ ಹಾಕಬಹುದು, ಹಾಗಾಗಿ ಅಂತರ ಉಳಿದೇ ಉಳಿಯುತ್ತದೆ.

ಹಾಗಂತ ಹೊರಗಿನವರಿಗೆ ಬೇರೆ ದರ ಇಟ್ಟರೆ ಸರಿಹೋಗುತ್ತದಾ? ಹಂಗೇರಿ ಅದನ್ನೂ ಮಾಡಿ ನೋಡಿತು. 2021ರ ನವೆಂಬರ್‌ನಲ್ಲಿ ಲೀಟರಿಗೆ 480 ಫೋರಿಂಟ್ ಮಿತಿ ಹಾಕಿತು, 2022ರ ಮೇ ತಿಂಗಳಲ್ಲಿ ಆ ದರ ಹಂಗೇರಿ ನಂಬರ್ ಪ್ಲೇಟಿಗೆ ಮಾತ್ರ ಎಂದಿತು. ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ಇದು ತಾರತಮ್ಯ ಎಂದು ಆಕ್ಷೇಪಿಸಿತು. ಡಿಸೆಂಬರ್ ಹೊತ್ತಿಗೆ ಬಂಕ್‌ಗಳಲ್ಲಿ ಸ್ಟಾಕೇ ಇಲ್ಲದಂತಾಗಿ ಮಿತಿಯನ್ನೇ ತೆಗೆಯಬೇಕಾಯಿತು.

ಇನ್ನು ನಿಮ್ಮ ಕಾರಿನ ವಿಷಯ. ಅಲ್ಲಿ ಶೇ. 10ರಷ್ಟು ಅಗ್ಗ ಅಂದುಕೊಳ್ಳಿ. 50 ಲೀಟರ್ ಹಾಕಿಸಿದರೆ 5 ಲೀಟರಿನ ದುಡ್ಡು ಉಳಿಯಿತು. ಬಂಕ್ 30 ಕಿ.ಮೀ. ದೂರವಿದ್ದು, ಕಾರು 15 ಕಿ.ಮೀ. ಮೈಲೇಜ್ ಕೊಟ್ಟರೆ ಹೋಗಿಬರಲು 4 ಲೀಟರ್ ಬೇಕು. ಒಂದು ಲೀಟರಿಗಾಗಿ ಅರ್ಧ ದಿನ ಕಳೆಯುತ್ತೀರಾ? ಹೇಗೂ ಆ ದಾರಿಯಲ್ಲೇ ಹೋಗುವುದಿದ್ದರೆ ಬೇರೆ ಮಾತು, ಧಾರಾಳವಾಗಿ ಹಾಕಿಸಿಕೊಳ್ಳಿ.