‘ರನ್’ ಪದದ ಅರ್ಥವನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನಾನು ಜೇವರ್ಗಿ ತಾಲ್ಲೂಕಿನವಳು. ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕಲಬುರಗಿಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧತೆ ನಡೆಸಿದ್ದೇನೆ. ಇಂಗ್ಲಿಷ್ ಗದ್ಯಭಾಗಗಳಲ್ಲಿ ‘ರನ್’ ಎಂಬ ಪದ ಒಂದೊಂದು ಕಡೆ ಒಂದೊಂದು ಅರ್ಥ ಕೊಡುತ್ತದೆ. ನಿಘಂಟಿನಲ್ಲಿರುವ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಬೇಕೇ?

ಉತ್ತರ: ಬೇಡ; ಅದು ಆಗುವ ಕೆಲಸವೂ ಅಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಎರಡನೇ ಆವೃತ್ತಿಯಲ್ಲಿ ಅತಿ ದೀರ್ಘ ವಿವರಣೆ ಪಡೆದ ಪದ ‘ಸೆಟ್’. ಆ ಬಳಿಕದ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದವೊಂದಕ್ಕೇ 645 ಅರ್ಥಗಳನ್ನು ಗುರುತಿಸಲಾಯಿತು. ಇವುಗಳಲ್ಲಿ ಹಲವು ಅರ್ಥಗಳ ಒಳಗೆ ತಡೆಯಿಲ್ಲದೆ ಸಾಗುವ ಭಾವವೊಂದಿದೆ. ಭೀಮಾ ನದಿ ಹರಿಯುವುದಕ್ಕೂ, ಬೀದರ್–ಕಲಬುರಗಿ ನಡುವೆ ರೈಲು ಓಡುವುದಕ್ಕೂ, ನೆಗಡಿಯಾದಾಗ ಮೂಗು ಸೋರುವುದಕ್ಕೂ, ಒಗೆದಾಗ ಬಟ್ಟೆ ಬಣ್ಣ ಬಿಡುವುದಕ್ಕೂ ಇಂಗ್ಲಿಷಿನಲ್ಲಿ ‘ರನ್’ ಸಾಕು. ನಮ್ಮ ‘ಓಡು’ ಕೂಡ ಕಾಲಿಗಷ್ಟೇ ಸೀಮಿತವಲ್ಲ: ಗಡಿಯಾರ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ, ಕೆಲವೊಮ್ಮೆ ತಲೆಯೇ ಓಡುವುದಿಲ್ಲ.

ನಿಜವಾದ ತೊಡಕು ಕರ್ಮಪದ ಬಂದಾಗ ಎದುರಾಗುತ್ತದೆ. ಕನ್ನಡದಲ್ಲಿ ‘ಓಡು’ ಎಂಬುದಕ್ಕೆ ‘ಇಸು’ ಸೇರಿದರೆ ‘ಓಡಿಸು’, ‘ನಡೆ’ ಎಂಬುದಕ್ಕೆ ಸೇರಿದರೆ ‘ನಡೆಸು’ ಆಗುವುದರಿಂದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹಳೆಯ ಇಂಗ್ಲಿಷಿನಲ್ಲಿಯೂ ಓಡುವುದಕ್ಕೊಂದು, ಓಡಿಸುವುದಕ್ಕೊಂದು ಕ್ರಿಯಾಪದವಿತ್ತು. ಕಾಲಕ್ರಮದಲ್ಲಿ ಎರಡೂ ಬೆರೆತು ಒಂದೇ ‘ರನ್’ ಆಗಿ ಉಳಿದವು. ಹೀಗಾಗಿ ‘ಶಿ ರನ್ಸ್’ ಎಂದರೆ ಆಕೆ ಓಡುತ್ತಾಳೆ. ‘ಶಿ ರನ್ಸ್ ಎ ಖಾನಾವಳಿ’ ಎಂದರೆ ಆಕೆ ಖಾನಾವಳಿ ನಡೆಸುತ್ತಾಳೆ. ಗದ್ಯಭಾಗ ಓದುವಾಗ ‘ಏನನ್ನು?’ ಎಂದು ಕೇಳಿಕೊಳ್ಳಿ. ಉತ್ತರ ಸಿಕ್ಕಿದರೆ ‘ಇಸು’ ಹಚ್ಚಿ ನೋಡಿ. ಬಹಳಷ್ಟು ಕಡೆ ಅರ್ಥ ಅಲ್ಲಿಗೇ ತಿಳಿಯಾಗುತ್ತದೆ.

ನಮ್ಮ ಭಾಗದವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ದಖನಿಯಲ್ಲಿ ‘ದುಕಾನ್ ಚಲಾನಾ’, ‘ಗಾಡಿ ಚಲಾನಾ’ ಎಂದು ಎರಡಕ್ಕೂ ಒಂದೇ ಕ್ರಿಯಾಪದ ಬಳಸುವುದನ್ನು ಕೇಳಿ ಬೆಳೆದವರಿಗೆ, ಇಂಗ್ಲಿಷಿನಲ್ಲಿಯೂ ಅಂಗಡಿಗೂ ಗಾಡಿಗೂ ‘ರನ್’ ಹೊಂದುತ್ತದೆ ಎನ್ನಿಸುವುದು ಸಹಜ. ಆದರೆ ಕಾರು ಓಡಿಸುವುದಕ್ಕೆ ‘ಡ್ರೈವ್’ ಎನ್ನಬೇಕು. ‘ರನ್ ಎ ಕಾರ್’ ಎಂದರೆ ಸ್ವಂತ ಕಾರು ಇಟ್ಟುಕೊಂಡು ಅದರ ಖರ್ಚನ್ನು ನಿಭಾಯಿಸುವುದು.

‘ರನ್’ ಹಿಂದೆ ಬರುವ ಚಿಕ್ಕ ಪದಗಳನ್ನು ಮಾತ್ರ ಜೋಡಿಯಾಗಿಯೇ ಕಲಿಯಬೇಕು, ಬೇರೆ ದಾರಿಯಿಲ್ಲ. ಮನೆಯಲ್ಲಿ ತೊಗರಿಬೇಳೆ ತೀರಿದರೆ ‘ರನ್ ಔಟ್ ಆಫ್’. ಶರಣಬಸವೇಶ್ವರ ಜಾತ್ರೆಯಲ್ಲಿ ಹಳೆಯ ಗೆಳತಿ ಅಕಸ್ಮಾತ್ತಾಗಿ ಸಿಕ್ಕರೆ ‘ರನ್ ಇನ್‌ಟು’. ಅದೇ ಜೋಡಿ ಲಾರಿಗೂ ಗೋಡೆಗೂ ಬಂದರೆ ಡಿಕ್ಕಿ. ಲಾರಿ ಯಾರ ಮೇಲಾದರೂ ಹರಿದರೆ ‘ರನ್ ಓವರ್’.

ಚುನಾವಣೆಯ ವಿಷಯದಲ್ಲಿ ಅಮೆರಿಕದವರು ‘ರನ್ ಫಾರ್’ ಎಂದೂ ಬ್ರಿಟನ್ನಿನವರು ‘ಸ್ಟ್ಯಾಂಡ್ ಫಾರ್’ ಎಂದೂ ಬರೆಯುತ್ತಾರೆ. ನಮ್ಮಲ್ಲಿ ‘ಚುನಾವಣೆಗೆ ನಿಂತರು’ ಎನ್ನುವ ರೂಢಿ ಇರುವುದರಿಂದ ಎರಡನೆಯದು ನಿಮಗೆ ಬೇಗ ನೆನಪಿನಲ್ಲಿ ಉಳಿಯುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಮೊದಲನೆಯದು ಬಂದರೂ ಅದನ್ನು ಸ್ಪರ್ಧಿಸುವುದು ಎಂದೇ ಓದಿಕೊಳ್ಳಿ.