ಅರೇನಿಯಸ್ ಗ್ರಾಫ್ (1/ತಾಪಮಾನದ ಎದುರು ವೇಗದ ಲಾಗ್) ನೇರವಾಗಿದೆ, ಆದರೂ ಆ್ಯಕ್ಟಿವೇಶನ್ ಎನರ್ಜಿ (ಕ್ರಿಯೆ ನಡೆಯಲು ಬೇಕಾದ ಕನಿಷ್ಠ ಶಕ್ತಿ) ಕಡಿಮೆ ಬರ್ತಿದೆ. ಯಾವ ಸೂತ್ರ ಬಳಸಲಿ?

ಸೂತ್ರದ ವಿಷಯ ಆಮೇಲೆ. ನಿಮ್ಮ ಥರ್ಮಾಮೀಟರ್ ಎಲ್ಲಿತ್ತು, ಮೊದಲು ಅದನ್ನು ಹೇಳಿ.

ಸೋಡಿಯಂ ಥಯೋಸಲ್ಫೇಟ್‌ಗೆ ಆಸಿಡ್ ಸುರಿದು, ದ್ರಾವಣ ಕದಡಿ ಫ್ಲಾಸ್ಕ್ ಕೆಳಗಿನ ಗುರುತು ಮರೆಯಾಗುವ ಹೊತ್ತನ್ನು 25, 35, 45, 55 ಡಿಗ್ರಿಯಲ್ಲಿ ಅಳೆದಿದ್ದೀರಿ, ಅಲ್ವಾ? ಡಿಗ್ರಿ ಓದುವಾಗ ನನಗೂ ಇದೇ ಪ್ರಯೋಗದಲ್ಲಿ ಇದೇ ಗೋಳು. ಎರಡು ಬಿಂದುವಿನ ಸೂತ್ರ (ಎರಡು ತಾಪಮಾನಗಳ ವೇಗದಿಂದ ಎನರ್ಜಿ ಲೆಕ್ಕ ಹಾಕುವುದು) ಹಾಕಿದೆ, ಬಿಟ್ಟು ಗ್ರಾಫ್ ಎಳೆದೆ, ಮತ್ತೆ ಸೂತ್ರಕ್ಕೆ ಬಂದೆ. ಕೆಲ್ವಿನ್‌ಗೆ ಬದಲಿಸಿದ್ದೆ. ಅನಿಲ ಸ್ಥಿರಾಂಕ 8.314 ಸರಿ ಇತ್ತು. ಕೊನೆಗೆ ಪುಸ್ತಕದಲ್ಲಿ ಕೊಟ್ಟ ಉತ್ತರವೇ ತಪ್ಪು ಅಂತ ವೈವಾದಲ್ಲಿ ವಾದಿಸಿ, ಚೆನ್ನಾಗಿ ಬೈಸಿಕೊಂಡು, ಮಾರ್ಕ್ಸ್ ಕಳೆದುಕೊಂಡೆ.

ನಾನು ಬರೆದುಕೊಂಡಿದ್ದು ವಾಟರ್ ಬಾತ್‌ನ (ಫ್ಲಾಸ್ಕ್ ಇಡುವ ಬಿಸಿನೀರಿನ ತೊಟ್ಟಿಯ) ತಾಪಮಾನ. ಕ್ರಿಯೆ ನಡೆದಿದ್ದು ಫ್ಲಾಸ್ಕ್ ಒಳಗೆ. ಬಾತ್ 55ರಲ್ಲಿತ್ತು, ಥಯೋಸಲ್ಫೇಟ್ ಅದರೊಳಗೆ ಕೂತಿತ್ತು, ನಿಜ. ಆದರೆ ಆಸಿಡ್ ಮೇಜಿನ ಮೇಲೆ ತಣ್ಣಗಿತ್ತು. ಫ್ಲಾಸ್ಕನ್ನು ಹೊರಗೆ ತೆಗೆದು, ಕಾಗದದ ಮೇಲಿಟ್ಟು, ತಣ್ಣನೆಯ ಆಸಿಡ್ ಸುರಿದ ಮೇಲೂ ಅದು 55ರಲ್ಲೇ ಇರುತ್ತದಾ? 49ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ನಿಜವಾದ ಆ್ಯಕ್ಟಿವೇಶನ್ ಎನರ್ಜಿ ಮೋಲ್‌ಗೆ 53 ಕಿಲೋಜೌಲ್ ಇದ್ದರೆ (25ರಿಂದ 35ಕ್ಕೆ ಹೋದಾಗ ವೇಗ ದುಪ್ಪಟ್ಟಾಗುವ ಕ್ರಿಯೆಗೆ ಸುಮಾರು ಇಷ್ಟೇ ಬರುತ್ತದೆ), 25ರಿಂದ 49ಕ್ಕೆ ವೇಗ ಹೆಚ್ಚುಕಡಿಮೆ 5 ಪಟ್ಟಾಗುತ್ತದೆ. ಆ 49ರ ಜಾಗದಲ್ಲಿ 55 ಅಂತ ಬರೆದು ಲೆಕ್ಕ ಹಾಕಿ ನೋಡಿ, 43 ಬರುತ್ತದೆ. ಹತ್ತು ಕಿಲೋಜೌಲ್ ಮಾಯ!

ಮತ್ತೆ ಗೆರೆ ಹೇಗೆ ನೇರ ಬಂತು? ಬರಲೇಬೇಕು. 25ರಲ್ಲಿ ತಪ್ಪೇ ಇಲ್ಲ, 35ರಲ್ಲಿ ಎರಡು ಡಿಗ್ರಿ, 45ರಲ್ಲಿ ನಾಲ್ಕು, 55ರಲ್ಲಿ ಆರು, ಹೀಗೆ ಬಿಸಿ ಏರಿದಂತೆ ತಪ್ಪೂ ಅದೇ ಲೆಕ್ಕದಲ್ಲಿ ಏರುತ್ತದೆ. ಬಿಂದುಗಳು ಚೆದುರುವುದಿಲ್ಲ, ಇಡೀ ಗೆರೆಯ ಇಳಿಜಾರೇ ಕಡಿಮೆಯಾಗುತ್ತದೆ, ಎನರ್ಜಿ ಲೆಕ್ಕ ಹಾಕುವುದು ಆ ಇಳಿಜಾರಿನಿಂದಲೇ. ಅರೇನಿಯಸ್ ಗ್ರಾಫ್ ನೇರವಾಗಿ ಬಂದರೆ ಪ್ರಯೋಗ ಸರಿ ಅಂತ ಹೇಳಿಕೊಡುತ್ತಾರಲ್ಲ, ನನಗೆ ಅದನ್ನು ಕಂಡರೇ ಆಗುವುದಿಲ್ಲ.

ಹಾಗಾಗಿ ಸೂತ್ರವೋ ಗ್ರಾಫೋ ಅನ್ನುವ ಪ್ರಶ್ನೆಯೇ ಇಲ್ಲಿ ದಂಡ. ನಾಲ್ಕು ಬಿಂದು ಇದ್ದಾಗ ಗ್ರಾಫೇ ಮೇಲು, ಸರಿ, ಆದರೆ ಈ ರೀಡಿಂಗ್‌ಗಳಿಂದ ಯಾವ ದಾರಿಯಲ್ಲಿ ಹೋದರೂ ಸರಿಯಾದ ಉತ್ತರ ಹೊರಡುವುದಿಲ್ಲ. ಮತ್ತೆ ಮಾಡಿ. ಎರಡೂ ದ್ರಾವಣಗಳನ್ನು ಬೇರೆ ಬೇರೆಯಾಗಿ ಬಾತ್‌ನಲ್ಲೇ ಬಿಸಿ ಮಾಡಿ. ಥರ್ಮಾಮೀಟರ್ ಮಿಶ್ರಣದೊಳಗೆ ಇರಲಿ, ಸುರಿದ ಕೂಡಲೇ ಒಮ್ಮೆ, ಗುರುತು ಮರೆಯಾದಾಗ ಇನ್ನೊಮ್ಮೆ ನೋಡಿ, ಸರಾಸರಿ ತೆಗೆದುಕೊಳ್ಳಿ. ವೇಗ ಸ್ಥಿರಾಂಕ k ಎಷ್ಟು ಅಂತ ಹುಡುಕುತ್ತಾ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ದ್ರಾವಣಗಳ ಪ್ರಮಾಣ, ಸಾಂದ್ರತೆ ಪ್ರತಿ ಸಲವೂ ಒಂದೇ ಆಗಿದ್ದರೆ ವೇಗದ ಬದಲು 1/ಸಮಯ ಹಾಕಿದರೂ ಇಳಿಜಾರು ಅದೇ.

ಅಂದಹಾಗೆ, ಬಿಸಿ ಮಾಡಿದಾಗ ಸಲ್ಫರ್ ಡೈಆಕ್ಸೈಡ್ ಜಾಸ್ತಿ ಹೊರಗೆ ಬರುತ್ತದೆ, ಕಿಟಕಿ ತೆಗೆದಿಟ್ಟು ಮಾಡಿ.